ಅಂಕಿಗಳೆಲ್ಲಿ? ಸಂಶೋಧನಾ ಪತ್ರಿಕೆಗೊಂದು ದತ್ತಾಂಶ ನೀತಿ, ಹಂತ ಹಂತವಾಗಿ

ಕೆಲವು ವರ್ಷಗಳ ಹಿಂದೆ ಎಂ.ಎಸ್ಸಿ. ಓದುತ್ತಿದ್ದ ಹುಡುಗಿಯೊಬ್ಬಳು ನಮ್ಮ ಪತ್ರಿಕೆಗೆ ಇಮೇಲ್ ಬರೆದಳು. ಮಲೆನಾಡಿನ ಕಾಡೊಂದರಲ್ಲಿ ನಂಬರು ಹೊಡೆದ ಮರಗಳ ಸುತ್ತಳತೆಯನ್ನು ಮೂರು ವರ್ಷ ಅಳೆದು ಬರೆದ ಲೇಖನವೊಂದನ್ನು ನಾವು ಹದಿನಾಲ್ಕು ವರ್ಷಗಳ ಹಿಂದೆ ಪ್ರಕಟಿಸಿದ್ದೆವು. ಆ ಮರಗಳ ಮೇಲೆ ತಗಡಿನ ನಂಬರುಗಳು ಇನ್ನೂ ಇವೆ, ಮತ್ತೆ ಅಳೆಯುತ್ತೇನೆ, ಹಳೆಯ ಅಳತೆಗಳು ಸಿಗುತ್ತವೆಯೇ ಎಂದು ಆಕೆಯ ಪ್ರಶ್ನೆ. ಲೇಖನದಲ್ಲಿ ಇದ್ದದ್ದು ಸರಾಸರಿಗಳು ಮಾತ್ರ. ನಿವೃತ್ತರಾಗಿದ್ದ ಲೇಖಕರನ್ನು ಹುಡುಕಿ ಫೋನ್ ಮಾಡಿದೆ. ಅಳತೆಗಳಿದ್ದ ಕಂಪ್ಯೂಟರ್ ಮನೆ ಬದಲಿಸುವಾಗ ಗುಜರಿಗೆ ಹೋಗಿತ್ತು, ಕಾಡಿನಲ್ಲಿ ಬರೆದ ನೋಟ್‌ಬುಕ್ಕುಗಳಿಗೆ ಗೆದ್ದಲು ಹಿಡಿದಿತ್ತು. ಅವರು ಜಿಗಣೆ ಕಚ್ಚಿಸಿಕೊಂಡು ಮರ ಅಳೆದ ಪ್ರಾಮಾಣಿಕ ಮನುಷ್ಯ. ತಪ್ಪಿದ್ದು ನಮ್ಮ ಕಡೆ. ಲೇಖನ ಸ್ವೀಕರಿಸುವ ದಿನ ಆ ಅಂಕಿಗಳು ಅವರ ಮೇಜಿನ ಮೇಲೇ ಇದ್ದವು, ನಾವು ಕೇಳಿರಲಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಟಿಮ್ ವೈನ್ಸ್ ಮತ್ತು ಸಂಗಡಿಗರು 2ರಿಂದ 22 ವರ್ಷ ಹಳೆಯ 516 ಪರಿಸರ ವಿಜ್ಞಾನ ಲೇಖನಗಳ ಹಿಂದಿನ ದತ್ತಾಂಶವನ್ನು ಹುಡುಕಿಕೊಂಡು ಹೋಗಿ, ಕಂಡದ್ದನ್ನು 2014ರಲ್ಲಿ ‘ಕರೆಂಟ್ ಬಯಾಲಜಿ’ಯಲ್ಲಿ ಬರೆದರು. ಲೇಖನಕ್ಕೆ ಒಂದೊಂದು ವರ್ಷ ವಯಸ್ಸಾದಂತೆ ಅದರ ದತ್ತಾಂಶ ಉಳಿದಿರುವ ಸಂಭವ ಶೇ 17ರಷ್ಟು ಕುಸಿಯುತ್ತಿತ್ತು. ಲೇಖಕರ ಇಮೇಲ್ ವಿಳಾಸಗಳು ಕೂಡ ವರ್ಷ ಕಳೆದಂತೆ ಸಾಯುತ್ತಿದ್ದವು.

ಹಾಗಾಗಿ ಈ ಬರಹ. ವರ್ಷಕ್ಕೆ ಎರಡೋ ನಾಲ್ಕೋ ಸಂಚಿಕೆ ತರುವ, ಸಂಬಳದ ಸಿಬ್ಬಂದಿ ಹೆಚ್ಚಿಲ್ಲದ, ವಿಶ್ವವಿದ್ಯಾಲಯ ಅಥವಾ ವಿದ್ವತ್ ಸಂಘವೊಂದು ನಡೆಸುವ ಪತ್ರಿಕೆಯ ಸಂಪಾದಕರು ನನ್ನ ಕಣ್ಣ ಮುಂದಿದ್ದಾರೆ. ನಾನು ಪಳಗಿದ್ದು ಪರಿಸರ ಮತ್ತು ಸಸ್ಯವಿಜ್ಞಾನದ ಪತ್ರಿಕೆಯಲ್ಲಿ. ಉದಾಹರಣೆಗಳೂ ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ.

ಹಂತ 1: ಮೊದಲು ನಿಮ್ಮ ಹಿತ್ತಲು ನೋಡಿ

ನೀತಿಯ ಕರಡು ಬರೆಯಲು ಕೂರಬೇಡಿ. ನಿಮ್ಮ ಪತ್ರಿಕೆಯ ಕಳೆದ ಎರಡು ವರ್ಷದ ಮೂವತ್ತು ಲೇಖನಗಳನ್ನು ಎದುರಿಗಿಟ್ಟುಕೊಳ್ಳಿ. ಪ್ರತಿಯೊಂದರ ಮುಂದೆಯೂ ಮೂರು ಸಂಗತಿ ಬರೆಯಿರಿ: ಯಾವ ಬಗೆಯ ದತ್ತಾಂಶ, ಅದು ಎಲ್ಲಿದೆ ಎಂದು ಲೇಖನ ಹೇಳುತ್ತದೆಯೇ, ಹೇಳಿದ ಕಡೆ ಹೋದರೆ ನಿಜವಾಗಿ ಸಿಗುತ್ತದೆಯೇ. ಒಂದು ಮಧ್ಯಾಹ್ನದ ಕೆಲಸ.

ಈ ಪಟ್ಟಿಯಿಂದ ಎರಡು ಲಾಭವಿದೆ. ನಿಮ್ಮ ಲೇಖಕರು ಡಿಎನ್‌ಎ ಅನುಕ್ರಮ ತರುತ್ತಾರೋ, ರೋಗಿಗಳ ಕೇಸ್ ಶೀಟ್ ತರುತ್ತಾರೋ, ಹಳ್ಳಿಗಳಲ್ಲಿ ಮಾಡಿದ ಸಂದರ್ಶನಗಳನ್ನು ತರುತ್ತಾರೋ ತಿಳಿಯುತ್ತದೆ. ಬೇರೆ ವಿಷಯದ ದೊಡ್ಡ ಪತ್ರಿಕೆಯ ನೀತಿಯನ್ನು ಹಾಗೇ ಎತ್ತಿಕೊಂಡು ಬರುವ ತಪ್ಪು ತಪ್ಪುತ್ತದೆ. ಎರಡನೆಯದಾಗಿ, ಸಂಪಾದಕ ಮಂಡಳಿಯ ಸಭೆಯಲ್ಲಿ ‘ನಮ್ಮಲ್ಲಿ ಅಂಥ ತೊಂದರೆ ಇಲ್ಲವಲ್ಲ’ ಎಂದವರ ಮುಂದೆ ಇಡಲು ನಿಮ್ಮದೇ ಪತ್ರಿಕೆಯ ಲೆಕ್ಕ ಕೈಯಲ್ಲಿರುತ್ತದೆ.

ಹಂತ 2: ಎಷ್ಟು ಬಿಗಿ, ತೀರ್ಮಾನಿಸಿ

ದತ್ತಾಂಶ ನೀತಿಗಳಲ್ಲಿ ಮೆಟ್ಟಿಲುಗಳಿವೆ. ‘ಹಂಚಿಕೊಂಡರೆ ಒಳ್ಳೆಯದು’ ಎನ್ನುವುದು ಕೆಳಗಿನದು. ದತ್ತಾಂಶ ಎಲ್ಲಿದೆ ಎಂಬ ಹೇಳಿಕೆ ಲೇಖನದಲ್ಲಿ ಇರಲೇಬೇಕೆನ್ನುವುದು ಮುಂದಿನದು. ಸಾರ್ವಜನಿಕ ಭಂಡಾರದಲ್ಲಿ ಇಟ್ಟ ಮೇಲೆಯೇ ಪ್ರಕಟಣೆ ಎನ್ನುವುದು ಅದರಾಚೆಯದು. ಪತ್ರಿಕೆಯೇ ಲೆಕ್ಕಾಚಾರವನ್ನು ಮತ್ತೆ ಮಾಡಿ ನೋಡುವುದು ಮೇಲಿನ ಮೆಟ್ಟಿಲು. ಸಂಶೋಧನೆಯ ಪಾರದರ್ಶಕತೆ, ಮುಕ್ತತೆಗಾಗಿ ಬಂದ 2015ರ ‘ಟಾಪ್’ ಮಾರ್ಗಸೂಚಿ ಇದನ್ನು ಸೊನ್ನೆಯಿಂದ ಮೂರರವರೆಗಿನ ಮಟ್ಟಗಳಾಗಿ ಹೇಳಿತು. ರಿಸರ್ಚ್ ಡೇಟಾ ಅಲಯನ್ಸ್‌ನ ಗುಂಪೊಂದು 2020ರಲ್ಲಿ ಆರು ಬಗೆಯ ನೀತಿಗಳ ಚೌಕಟ್ಟು ಕೊಟ್ಟಿತು. ಎರಡನ್ನೂ ಒಮ್ಮೆ ಓದಿ, ಆದರೆ ಅಲ್ಲೇ ತಿಂಗಳುಗಟ್ಟಲೆ ನಿಲ್ಲಬೇಡಿ.

ನಿಜವಾಗಿ ಗಮನಿಸಬೇಕಾದದ್ದು ಪರಿಸರ ಮತ್ತು ವಿಕಾಸ ವಿಜ್ಞಾನದ ಪತ್ರಿಕೆಗಳು ಮಾಡಿದ್ದನ್ನು. ‘ದಿ ಅಮೆರಿಕನ್ ನ್ಯಾಚುರಲಿಸ್ಟ್’, ‘ಎವಲ್ಯೂಷನ್’, ‘ಮಾಲಿಕ್ಯುಲರ್ ಇಕಾಲಜಿ’, ‘ಹೆರೆಡಿಟಿ’ ಮುಂತಾದವು ಒಟ್ಟಾಗಿ ಕೂತು ಒಂದೇ ಒಕ್ಕಣೆಯ ನೀತಿ ಬರೆದವು, 2011ರಲ್ಲಿ ಅದು ಜಾರಿಗೆ ಬಂತು. ಒಂದೇ ಪತ್ರಿಕೆ ಬಿಗಿ ಮಾಡಿದ್ದರೆ ಲೇಖಕರು ಪಕ್ಕದ ಪತ್ರಿಕೆಗೆ ಹೋಗುತ್ತಿದ್ದರು. ಎಲ್ಲರೂ ಒಟ್ಟಿಗೆ ಮಾಡಿದ್ದರಿಂದ ಆ ದಾರಿ ಮುಚ್ಚಿತು. ಬೇಕಾದವರು ಪ್ರಕಟಣೆಯ ನಂತರ ಒಂದು ವರ್ಷದವರೆಗೆ ದತ್ತಾಂಶವನ್ನು ಮುಚ್ಚಿಡಬಹುದು ಎಂಬ ರಿಯಾಯಿತಿಯೂ ಇತ್ತು. ಆಮೇಲೆ ಇದೇ ವೈನ್ಸ್ ತಂಡ ಬೇರೆ ಬೇರೆ ನೀತಿಗಳ ಪತ್ರಿಕೆಗಳನ್ನು ಹೋಲಿಸಿ ನೋಡಿತು. ಕಡ್ಡಾಯದ ಜೊತೆಗೆ ಲೇಖನದೊಳಗೇ ಲಭ್ಯತೆಯ ಹೇಳಿಕೆ ಬೇಕೆಂದ ಕಡೆ, ನೀತಿಯೇ ಇಲ್ಲದ ಪತ್ರಿಕೆಗಳಿಗೆ ಹೋಲಿಸಿದರೆ, ದತ್ತಾಂಶ ಸಿಗುವ ಸಂಭವ ಸುಮಾರು ಸಾವಿರ ಪಟ್ಟು ಹೆಚ್ಚಿತ್ತು. ಬರೀ ಶಿಫಾರಸು ಮಾಡಿದ ಪತ್ರಿಕೆಗಳದು ನೀತಿಯೇ ಇಲ್ಲದವುಗಳಿಗಿಂತ ಹೆಚ್ಚೇನೂ ಭಿನ್ನವಾಗಿರಲಿಲ್ಲ.

ನನ್ನ ಸಲಹೆ ಇದು. ಮೊದಲ ಮೆಟ್ಟಿಲಿನ ‘ಒಳ್ಳೆಯದು’ ಭಾಷೆಯಲ್ಲಿ ಒಂದು ದಿನವನ್ನೂ ಕಳೆಯಬೇಡಿ. ಹೇಳಿಕೆ ಕಡ್ಡಾಯ ಎಂಬಲ್ಲಿಂದ ಶುರು ಮಾಡಿ, ಒಂದು ವರ್ಷದ ನಂತರ ಭಂಡಾರ ಕಡ್ಡಾಯ ಎಂದು ಇವತ್ತೇ ದಿನಾಂಕ ಸಹಿತ ಘೋಷಿಸಿ. ಸಾಧ್ಯವಾದರೆ ನಿಮ್ಮ ವಿಷಯದ ಇನ್ನೆರಡು ಪತ್ರಿಕೆಗಳ ಸಂಪಾದಕರ ಜೊತೆ ಮಾತಾಡಿ ಒಂದೇ ದಿನ ಆರಂಭಿಸಿ.

ಹಂತ 3: ‘ದತ್ತಾಂಶ’ ಎಂದರೆ ಯಾವುದು, ಒಂದೇ ವಾಕ್ಯದಲ್ಲಿ ಬರೆಯಿರಿ

ಲೇಖಕರಿಗೆ ಹೆದರಿಕೆ ಹುಟ್ಟುವುದೇ ಇಲ್ಲಿ. ಎಂಟು ವರ್ಷ ಸಂಗ್ರಹಿಸಿದ್ದನ್ನೆಲ್ಲ ಒಂದು ಲೇಖನಕ್ಕಾಗಿ ಒಪ್ಪಿಸಬೇಕೇ ಎಂದು ಕೇಳುತ್ತಾರೆ. ಬೇಡ. ಈ ಲೇಖನದಲ್ಲಿರುವ ಪ್ರತಿ ಕೋಷ್ಟಕ, ಪ್ರತಿ ನಕ್ಷೆ, ಪ್ರತಿ ಸಂಖ್ಯೆಯನ್ನು ಇನ್ನೊಬ್ಬರು ಮತ್ತೆ ಲೆಕ್ಕ ಹಾಕಿ ಪಡೆಯಲು ಎಷ್ಟು ಬೇಕೋ ಅಷ್ಟು. ಸರಾಸರಿ ಅಲ್ಲ, ಸರಾಸರಿ ತೆಗೆಯಲು ಬಳಸಿದ ಸಾಲುಗಳು. ಮರಗಳ ಲೇಖನವಾದರೆ ಒಂದು ಮರಕ್ಕೆ ಒಂದು ಸಾಲು: ನಂಬರು, ಜಾತಿ, ಪ್ರತಿ ವರ್ಷದ ಸುತ್ತಳತೆ. ಲೆಕ್ಕಕ್ಕೆ ಆರ್ ಅಥವಾ ಪೈಥಾನ್‌ನಲ್ಲಿ ಬರೆದ ಕೋಡ್ ಇದ್ದರೆ ಅದೂ.

ಜೊತೆಗೆ ಒಂದು ರೀಡ್‌ಮಿ ಕಡತ ಕೇಳಿ, ಒಂದು ಪುಟ ಸಾಕು. ಯಾವ ಕಾಲಂ ಏನು, ಅಳತೆ ಸೆಂಟಿಮೀಟರಿನಲ್ಲೋ ಮಿಲಿಮೀಟರಿನಲ್ಲೋ, ಖಾಲಿ ಕೋಶ ಎಂದರೆ ಸೊನ್ನೆಯೋ ಅಳೆದಿಲ್ಲವೋ. ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದ ಹಾಳೆ ಎಷ್ಟೇ ಚೆನ್ನಾಗಿದ್ದರೂ ಇನ್ನೊಬ್ಬರು ಅದನ್ನು ನಂಬಿ ಬಳಸುವಂತಿಲ್ಲ.

ಕನ್ನಡ ವಿದ್ವತ್ತಿನವರಿಗೆ ಈ ಅಭ್ಯಾಸ ಹೊಸದಲ್ಲ. ಬಿ. ಎಲ್. ರೈಸ್ 1886ರಿಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳನ್ನು ತರತೊಡಗಿದಾಗ ಶಾಸನಗಳಿಂದ ತಾವು ಕಂಡುಕೊಂಡ ಇತಿಹಾಸವನ್ನಷ್ಟೇ ಬರೆದು ಕೈತೊಳೆದುಕೊಳ್ಳಲಿಲ್ಲ. ಪಾಠವನ್ನೂ ಲಿಪ್ಯಂತರವನ್ನೂ ಅನುವಾದವನ್ನೂ ಮುಂದಿಟ್ಟರು. ಅದರಿಂದಲೇ ಮುಂದಿನವರು ಅವರ ಓದನ್ನು ತಿದ್ದಲು ಸಾಧ್ಯವಾಯಿತು. 1936ರಲ್ಲಿ ಬೆಳಕಿಗೆ ಬಂದ ಹಲ್ಮಿಡಿ ಶಾಸನದ ಪಾಠವನ್ನು ಎಂ. ಎಚ್. ಕೃಷ್ಣ ಪ್ರಕಟಿಸಿದ್ದರಿಂದ ಅದರ ಕಾಲ, ಅರ್ಥ ಕುರಿತು ಇವತ್ತಿಗೂ ವಿದ್ವಾಂಸರು ವಾದಿಸುತ್ತಾರೆ. ಮೂಲವನ್ನು ಕಪಾಟಿನಲ್ಲಿಟ್ಟು ತೀರ್ಮಾನ ಮಾತ್ರ ಹೇಳಿದ್ದರೆ ವಾದಕ್ಕೆ ಆಧಾರವೇ ಇರುತ್ತಿರಲಿಲ್ಲ. ಉಪಭಾಷೆಗಳ ಧ್ವನಿಮುದ್ರಣ, ಜಾನಪದ ಸಂಗ್ರಹ ಆಧರಿಸಿ ಬರೆಯುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಹಂತ 4: ವಿನಾಯಿತಿಗಳು. ಇಲ್ಲಿ ನಿಧಾನಿಸಿ

ಎಲ್ಲವನ್ನೂ ತೆರೆದಿಡಿ ಎನ್ನುವ ನೀತಿ ಅಪಾಯಕಾರಿ. ನೀತಿಯ ಗುಣ ತಿಳಿಯುವುದು ವಿನಾಯಿತಿಗಳಲ್ಲೇ.

ಮನುಷ್ಯರಿಂದ ಶುರು ಮಾಡೋಣ. ಹೆಸರು ಅಳಿಸಿದರೆ ಗುರುತು ಅಳಿಯಿತು ಎಂದು ಬಹಳ ಲೇಖಕರು ನಂಬಿರುತ್ತಾರೆ. ಒಂದು ಸಣ್ಣ ಹಳ್ಳಿಯ ಹೆಸರು, ವಯಸ್ಸು 91, ಹೆಣ್ಣು, ಅಪರೂಪದ ಕಾಯಿಲೆ: ಇಷ್ಟಿದ್ದರೆ ಆ ಅಜ್ಜಿ ಯಾರೆಂದು ಊರಿಗೆಲ್ಲ ಗೊತ್ತು. ಹಳ್ಳಿಯ ಬದಲು ಜಿಲ್ಲೆ, ವಯಸ್ಸಿನ ಬದಲು ವಯೋಗುಂಪು, ದಿನಾಂಕದ ಬದಲು ವರ್ಷ ಎಂದು ಬದಲಿಸಿದ ಮೇಲೆಯೇ ತೆರೆದ ಭಂಡಾರಕ್ಕೆ ಹೋಗಬೇಕು. ಹಾಗೆ ಮಾಡಿದರೆ ದತ್ತಾಂಶವೇ ಕೆಲಸಕ್ಕೆ ಬಾರದೆ ಹೋಗುವುದಾದರೆ, ಅರ್ಜಿ ಹಾಕಿದವರಿಗೆ ಮಾತ್ರ ಕೊಡುವ ನಿಯಂತ್ರಿತ ಭಂಡಾರ ಬೇಕು. ಭಾಗವಹಿಸಿದವರಿಂದ ಒಪ್ಪಿಗೆ ಪಡೆಯುವಾಗಲೇ ‘ಗುರುತು ತೆಗೆದ ಮಾಹಿತಿಯನ್ನು ಬೇರೆ ಸಂಶೋಧಕರೂ ಬಳಸಬಹುದು’ ಎಂಬ ಸಾಲು ಇರಬೇಕು. ಇಲ್ಲದಿದ್ದರೆ ಆಮೇಲೆ ನೀವು ಒತ್ತಾಯಿಸುವಂತಿಲ್ಲ. ಭಾರತದಲ್ಲಿ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಎರಡನ್ನೂ ನಿಮ್ಮ ನೀತಿಯಲ್ಲಿ ಹೆಸರಿಸಿ. ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಡುವುದು ಷರತ್ತಿನ ಮೇಲೆ ಎಂಬುದನ್ನು ಮರೆಯಬೇಡಿ.

ಔಷಧ ಪ್ರಯೋಗಗಳ ಲೇಖನ ಬರುವ ಪತ್ರಿಕೆಯಾದರೆ ಇನ್ನೊಂದು ನಿಯಮವಿದೆ. ವೈದ್ಯಕೀಯ ಪತ್ರಿಕಾ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಪ್ರಕಾರ 2018ರ ಜುಲೈ 1ರಿಂದ ಸಲ್ಲಿಕೆಯಾಗುವ ಪ್ರಯೋಗ ವರದಿಗಳಲ್ಲಿ ದತ್ತಾಂಶ ಹಂಚಿಕೆಯ ಹೇಳಿಕೆ ಇರಬೇಕು. 2019ರ ಜನವರಿ 1ರಿಂದ ಜನರನ್ನು ಸೇರಿಸಿಕೊಳ್ಳಲು ಆರಂಭಿಸಿದ ಪ್ರಯೋಗಗಳು ನೋಂದಣಿಯಲ್ಲೇ ಹಂಚಿಕೆಯ ಯೋಜನೆ ಬರೆದಿರಬೇಕು. ಹಂಚಲೇಬೇಕು ಎಂದು ಆ ಸಮಿತಿ ಹೇಳುವುದಿಲ್ಲ. ಹಂಚುತ್ತೀರೋ ಇಲ್ಲವೋ ಮೊದಲೇ ಹೇಳಿ ಎನ್ನುತ್ತದೆ.

ಕಾಡು, ಪ್ರಾಣಿ, ಸಸ್ಯಗಳ ವಿಷಯದಲ್ಲಿ ನಮಗೆ ಇನ್ನೊಂದು ಎಚ್ಚರ ಬೇಕು. ದಕ್ಷಿಣ ಚೀನಾದ ಒಂದು ಹಲ್ಲಿ, ಗೋನಿಯುರೋಸಾರಸ್ ಲೂಯೀ, 1999ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಸಾಕುಪ್ರಾಣಿ ವ್ಯಾಪಾರಿಗಳು ಲೇಖನದಲ್ಲಿದ್ದ ಜಾಗಕ್ಕೇ ಹೋಗಿ ಹಿಡಿದು, ಆ ಮೂಲ ನೆಲೆಯಲ್ಲಿ ಅದು ಇಲ್ಲದಂತಾಯಿತು. ಅದೇ ಕುಲದ ಎರಡು ಹೊಸ ಪ್ರಭೇದಗಳನ್ನು 2015ರಲ್ಲಿ ವಿವರಿಸಿದವರು ನಿಖರ ಜಾಗವನ್ನು ಬೇಕೆಂದೇ ಬಿಟ್ಟು ಬರೆದರು. ನಮ್ಮಲ್ಲಿ ಕಾಡಿನ ಶ್ರೀಗಂಧದ ಮರಗಳ ಜಿಪಿಎಸ್ ಗುರುತುಗಳನ್ನು ತೆರೆದ ಹಾಳೆಯಲ್ಲಿಟ್ಟರೆ ಅದನ್ನು ಮೊದಲು ಓದುವವರು ವಿಜ್ಞಾನಿಗಳೇ ಆಗಿರಬೇಕಿಲ್ಲ. ಅಕ್ಷಾಂಶ ರೇಖಾಂಶದ ದಶಮಾಂಶ ಸ್ಥಾನಗಳನ್ನು ಕಡಿಮೆ ಮಾಡಿ, ಒಂದೇ ಸ್ಥಾನ ಉಳಿದರೆ ಗುರುತು ಸುಮಾರು ಹನ್ನೊಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ. ಹಾಗೆ ಮಾಡಿದ್ದೇವೆ ಎಂದು ರೀಡ್‌ಮಿಯಲ್ಲಿ ಬರೆಯಲು ಹೇಳಿ.

ಇನ್ನು ಬೇರೆಯವರಿಂದ ಷರತ್ತಿನ ಮೇಲೆ ಪಡೆದ ದತ್ತಾಂಶ. ಅದನ್ನು ಮರುಹಂಚುವ ಹಕ್ಕು ಲೇಖಕರಿಗಿಲ್ಲ. ಆದರೆ ಯಾರಿಂದ ಪಡೆದರು, ಯಾವ ಆವೃತ್ತಿ, ಓದುಗರು ಅದೇ ದಾರಿಯಲ್ಲಿ ಹೋದರೆ ಸಿಗುತ್ತದೆಯೇ ಎಂದು ಬರೆಯಲೇಬೇಕು. ಇದು ಬಿಟ್ಟುಹೋದರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ಜಗತ್ತೇ ನೋಡಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಕುರಿತ ಲೇಖನವನ್ನು ‘ದಿ ಲ್ಯಾನ್ಸೆಟ್’ ಮೇ 22ರಂದು ಪ್ರಕಟಿಸಿತು. 671 ಆಸ್ಪತ್ರೆ, 96,032 ರೋಗಿಗಳು ಎಂದು ಅದು ಹೇಳಿತ್ತು. ಆ ಅಂಕಿಗಳನ್ನು ಒದಗಿಸಿದ ಸರ್ಜಿಸ್ಫಿಯರ್ ಎಂಬ ಕಂಪನಿ ಮೂಲ ದತ್ತಾಂಶವನ್ನು ಸ್ವತಂತ್ರ ಪರಿಶೀಲಕರಿಗೆ ತೋರಿಸಲಿಲ್ಲ. ಜೂನ್ 4ರಂದು ಲೇಖನ ಹಿಂದಕ್ಕೆ ಹೋಯಿತು. ಆಮೇಲೆ ಆ ಪತ್ರಿಕೆ, ಒಬ್ಬರಿಗಿಂತ ಹೆಚ್ಚು ಲೇಖಕರು ದತ್ತಾಂಶವನ್ನು ನೇರವಾಗಿ ನೋಡಿ ಪರಿಶೀಲಿಸಿರಬೇಕು ಎಂದು ನಿಯಮ ಬದಲಿಸಿತು. ಸಣ್ಣ ಪತ್ರಿಕೆಗೂ ಇದು ದುಡ್ಡು ಖರ್ಚಿಲ್ಲದ ನಿಯಮ. ಇವತ್ತೇ ಸೇರಿಸಿಕೊಳ್ಳಬಹುದು.

ಹಂತ 5: ಎಲ್ಲಿಡಬೇಕು

ಲೇಖಕರ ಸ್ವಂತ ಜಾಲತಾಣ, ಗೂಗಲ್ ಡ್ರೈವ್, ವಿಭಾಗದ ಸರ್ವರ್: ಮೂರೂ ಬೇಡ. ಜನ ಹೋದಾಗ ಅವೂ ಹೋಗುತ್ತವೆ. ಪಿಡಿಎಫ್ ಆಗಿ ಲೇಖನದ ಬಾಲಕ್ಕೆ ಅಂಟಿಸಿದ ಕೋಷ್ಟಕಗಳೂ ಬೇಡ, ಅದರಿಂದ ಅಂಕಿ ಬಿಡಿಸಿಕೊಳ್ಳುವುದು ಶಿಕ್ಷೆ.

ವಿಷಯಕ್ಕೆಂದೇ ಭಂಡಾರವಿದ್ದರೆ ಅದಕ್ಕೇ ಮೊದಲ ಮಣೆ. ಡಿಎನ್‌ಎ ಅನುಕ್ರಮವಾದರೆ ಜೆನ್‌ಬ್ಯಾಂಕ್ ಅಥವಾ ಅದರ ಯುರೋಪ್, ಜಪಾನ್ ಜೊತೆಗಾರರು. ಪ್ರೋಟೀನ್ ರಚನೆಯಾದರೆ 1971ರಿಂದ ನಡೆಯುತ್ತಿರುವ ಪ್ರೋಟೀನ್ ಡೇಟಾ ಬ್ಯಾಂಕ್. ನಮ್ಮಲ್ಲಿಯೇ ಫರೀದಾಬಾದ್‌ನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ 2022ರಲ್ಲಿ ಉದ್ಘಾಟನೆಯಾಗಿದೆ. ಉಳಿದದ್ದಕ್ಕೆ ಸಾಮಾನ್ಯ ಭಂಡಾರಗಳಿವೆ. ಜಿನೀವಾ ಬಳಿಯ ಸರ್ನ್ ನಡೆಸುವ ಝೆನೋಡೊ ಉಚಿತ, ಒಂದು ದಾಖಲೆಗೆ 50 ಜಿಬಿವರೆಗೆ ಹಿಡಿಸುತ್ತದೆ. ಡ್ರ್ಯಾಡ್ ಕಡತಗಳನ್ನು ಸಿಬ್ಬಂದಿಯಿಂದ ಪರಿಶೀಲಿಸುತ್ತದೆ, ಅದಕ್ಕೆ ಶುಲ್ಕವಿದೆ. ಊರಿನ ಕಾಲೇಜಿನಿಂದ ಬರೆಯುವವರಿಗೆ ಆ ಶುಲ್ಕ ಹೊರೆ. ಕಡ್ಡಾಯ ಮಾಡುವ ಪತ್ರಿಕೆ ಉಚಿತವಾದ ಒಂದು ದಾರಿಯನ್ನಾದರೂ ತೋರಿಸಲೇಬೇಕು. ಬೇರೆ ಭಂಡಾರ ಹುಡುಕಲು ರೀ3ಡೇಟಾ ಎಂಬ ಸೂಚಿ ಇದೆ.

ಭಂಡಾರದಿಂದ ನಿಮಗೆ ಬೇಕಾದದ್ದು ಎರಡು: ಡಿಒಐನಂಥ ಶಾಶ್ವತ ಗುರುತು ಸಂಖ್ಯೆ, ಮತ್ತು ಸ್ಪಷ್ಟವಾದ ಪರವಾನಗಿ. ಯಾವ ಷರತ್ತೂ ಇಲ್ಲದ ಸಿಸಿ ಝೀರೊ, ಹೆಸರು ಹೇಳಿ ಬಳಸಿ ಎನ್ನುವ ಸಿಸಿ ಬೈ, ಎರಡರಲ್ಲಿ ಯಾವುದಾದರೂ ಸರಿ. ಕಡತ ಎಕ್ಸೆಲ್‌ಗಿಂತ ಸಿಎಸ್‌ವಿ ರೂಪದಲ್ಲಿದ್ದರೆ ಮೂವತ್ತು ವರ್ಷದ ನಂತರವೂ ಯಾವ ಸಾಫ್ಟ್‌ವೇರಿನಲ್ಲಾದರೂ ತೆರೆಯುತ್ತದೆ.

ಹಂತ 6: ಒಂದು ಪುಟದ ನೀತಿ ಬರೆಯಿರಿ

ವಕೀಲರ ಭಾಷೆ ಬೇಡ. ಹೀಗೆ ಆರಂಭಿಸಬಹುದು: ‘ಈ ಪತ್ರಿಕೆಯ ಪ್ರತಿ ಸಂಶೋಧನಾ ಲೇಖನದ ಫಲಿತಾಂಶಗಳಿಗೆ ಆಧಾರವಾದ ದತ್ತಾಂಶವನ್ನು ಅಂತಿಮ ಸ್ವೀಕಾರಕ್ಕೆ ಮೊದಲು ಸಾರ್ವಜನಿಕ ಭಂಡಾರದಲ್ಲಿ ಇಟ್ಟಿರಬೇಕು. ಲೇಖನದಲ್ಲಿ ದತ್ತಾಂಶ ಲಭ್ಯತೆಯ ಹೇಳಿಕೆ ಇರಬೇಕು. ವ್ಯಕ್ತಿಗಳ ಗುರುತು, ಅಪಾಯದಲ್ಲಿರುವ ಜೀವಿಗಳ ನೆಲೆ, ಮೂರನೆಯವರ ಹಕ್ಕು, ಈ ಕಾರಣಗಳಿಗೆ ಸಂಪಾದಕರಿಂದ ವಿನಾಯಿತಿ ಕೋರಬಹುದು. ಕೋರಿಕೆ ಲೇಖನ ಸಲ್ಲಿಸುವಾಗಲೇ ಬರಬೇಕು.’ ‘ಮೊದಲು’ ಎಂಬ ಪದಕ್ಕಾಗಿ ಮಂಡಳಿಯಲ್ಲಿ ಜಗಳವಾದರೂ ಬಿಟ್ಟುಕೊಡಬೇಡಿ. ಸ್ವೀಕಾರ ಪತ್ರ ಕೈಗೆ ಸಿಕ್ಕ ಮೇಲೆ ಲೇಖಕರು ಮುಂದಿನ ಕೆಲಸಕ್ಕೆ ಹೊರಟಿರುತ್ತಾರೆ. ಅಲ್ಲಿಯವರೆಗೆ ಕಡತಗಳೂ ಅವರ ಕೈಯಲ್ಲಿರುತ್ತವೆ, ನಿಮ್ಮ ಮಾತಿಗೆ ಬೆಲೆಯೂ ಇರುತ್ತದೆ.

ಹೇಳಿಕೆಗೆ ಸಿದ್ಧ ಒಕ್ಕಣೆಗಳನ್ನು ಕೊಡಿ, ಲೇಖಕರು ಆರಿಸಿಕೊಳ್ಳಲಿ. ಒಂದು: ‘ದತ್ತಾಂಶ ಮತ್ತು ಕೋಡ್ ಇಂಥ ಭಂಡಾರದಲ್ಲಿ ಇಂಥ ಡಿಒಐ ಅಡಿ ಇದೆ.’ ಇನ್ನೊಂದು: ‘ಭಾಗವಹಿಸಿದವರ ಗೋಪ್ಯತೆಗಾಗಿ ದತ್ತಾಂಶ ನಿಯಂತ್ರಿತ ಭಂಡಾರದಲ್ಲಿದೆ, ಇಂಥ ಸಂಸ್ಥೆಯ ನೈತಿಕ ಸಮಿತಿಗೆ ಅರ್ಜಿ ಸಲ್ಲಿಸಿ ಪಡೆಯಬಹುದು.’ ಮತ್ತೊಂದು: ‘ಈ ಲೇಖನಕ್ಕೆ ಹೊಸ ದತ್ತಾಂಶ ಸಂಗ್ರಹಿಸಿಲ್ಲ.’ ಅರ್ಜಿ ಹೋಗುವ ವಿಳಾಸ ವ್ಯಕ್ತಿಯದಾಗಿರದೆ ಸಂಸ್ಥೆಯದಾಗಿರಲಿ.

ಒಂದು ಒಕ್ಕಣೆಯನ್ನು ಮಾತ್ರ ನಿಷೇಧಿಸಿ: ‘ಸಮಂಜಸ ಕೋರಿಕೆಯ ಮೇರೆಗೆ ಲೇಖಕರಿಂದ ಲಭ್ಯ.’ ಹಾಗೆ ಬರೆದಿದ್ದ 1,792 ಲೇಖನಗಳ ಲೇಖಕರಿಗೆ ಸಂಶೋಧಕರು ನಿಜವಾಗಿಯೇ ಬರೆದು ಕೇಳಿ, 2022ರಲ್ಲಿ ಲೆಕ್ಕ ಕೊಟ್ಟರು. 1,670 ಮಂದಿ ಉತ್ತರಿಸಲಿಲ್ಲ ಅಥವಾ ಕೊಡಲಾಗದು ಎಂದರು. ಕೊಟ್ಟವರು 122, ಅಂದರೆ ಶೇ 6.8. ಪತ್ರಿಕೆಯೇ ಓದುಗರಿಗೆ ಅಚ್ಚಿನಲ್ಲಿ ಕೊಟ್ಟ ಮಾತು ಹೀಗೆ ಸುಳ್ಳಾಗುವುದನ್ನು ಸಂಪಾದಕರು ಸಹಿಸಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಹಂತ 7: ಯಾರು, ಯಾವಾಗ, ಎಷ್ಟು ನಿಮಿಷ

ನೀತಿ ಪುಟ ಎಷ್ಟು ಚೆನ್ನಾಗಿದ್ದರೂ ಅದನ್ನು ನೋಡುವ ಒಬ್ಬರ ಹೆಸರು ಇಲ್ಲದಿದ್ದರೆ ಅದು ಗೋಡೆಯ ಮೇಲಿನ ಬೋರ್ಡು. ಪಿಎಲ್‌ಒಎಸ್ ಪತ್ರಿಕೆಗಳು 2014ರ ಮಾರ್ಚ್‌ನಿಂದ ಹೇಳಿಕೆ ಕಡ್ಡಾಯ ಮಾಡಿದವು. ನಾಲ್ಕು ವರ್ಷದ ನಂತರ ‘ಪಿಎಲ್‌ಒಎಸ್ ಒನ್’ನ ಹೇಳಿಕೆಗಳನ್ನು ಅಧ್ಯಯನ ಮಾಡಿದಾಗ ಭಂಡಾರವನ್ನು ಸೂಚಿಸಿದ್ದವು ಸುಮಾರು ಶೇ 20 ಮಾತ್ರ. ಹೇಳಿಕೆ ಇದೆಯೇ ಎಂದು ನೋಡುವುದು ಒಂದು ಕೆಲಸ, ಏನು ಹೇಳುತ್ತದೆ ಎಂದು ನೋಡುವುದು ಇನ್ನೊಂದು.

ನಮ್ಮಲ್ಲಿ ಕೆಲಸ ಸಾಗುವುದು ಹೀಗೆ. ಸಲ್ಲಿಕೆಯ ಫಾರಂನಲ್ಲಿ ಹೇಳಿಕೆಗೆ ಒಂದು ಪೆಟ್ಟಿಗೆಯಿದೆ, ಅದು ಖಾಲಿಯಿದ್ದರೆ ಲೇಖನ ಮುಂದೆ ಹೋಗದು. ಪರಿಶೀಲಕರಿಗೆ ಲೇಖನ ಕಳಿಸುವಾಗ ದತ್ತಾಂಶದ ಖಾಸಗಿ ಕೊಂಡಿಯನ್ನೂ ಕಳಿಸುತ್ತೇವೆ; ಹಲವು ಭಂಡಾರಗಳು ಪ್ರಕಟಣೆಗೆ ಮೊದಲು ಇಂಥ ಕೊಂಡಿ ಕೊಡುತ್ತವೆ. ಪರಿಶೀಲಕರು ಪ್ರತಿ ಅಂಕಿಯನ್ನೂ ನೋಡಲಿ ಎಂದು ನಿರೀಕ್ಷಿಸುವುದಿಲ್ಲ, ಪುಕ್ಕಟೆ ದುಡಿಯುವವರ ಮೇಲೆ ಆ ಭಾರ ಸಲ್ಲದು. ಪರಿಶೀಲನೆ ಮುಗಿದ ಮೇಲೆ ‘ಷರತ್ತಿನ ಸ್ವೀಕಾರ’ದ ಪತ್ರ ಹೋಗುತ್ತದೆ. ಆಗ ಸಂಪಾದಕೀಯ ಸಹಾಯಕರು ಇಪ್ಪತ್ತು ನಿಮಿಷ ಕೂತು ನೋಡುತ್ತಾರೆ.

ನೋಡುವುದೇನು? ಕೊಂಡಿ ತೆರೆಯುತ್ತದೆಯೇ, ಕಡತ ತೆರೆಯುತ್ತದೆಯೇ, ರೀಡ್‌ಮಿ ಇದೆಯೇ. ಲೇಖನದಲ್ಲಿ 240 ಗಿಡ ಎಂದಿದ್ದರೆ ಹಾಳೆಯಲ್ಲಿ 240 ಸಾಲು ಇದೆಯೇ. ಈ ಒಂದು ಎಣಿಕೆಯಲ್ಲಿ ಸಿಕ್ಕಷ್ಟು ತಪ್ಪು ನಮಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ; ಬಹುಪಾಲು ಬೇರೊಂದು ಆವೃತ್ತಿಯ ಕಡತ ಅಚಾತುರ್ಯದಿಂದ ಸೇರಿದ್ದು. ಹೆಸರು, ಫೋನ್ ನಂಬರ್, ನಿಖರ ಜಿಪಿಎಸ್ ಉಳಿದಿವೆಯೇ. ಒಂದು ಕೋಷ್ಟಕದ ಒಂದು ಸರಾಸರಿಯನ್ನಾದರೂ ತೆಗೆದರೆ ಲೇಖನದಲ್ಲಿದ್ದದ್ದೇ ಬರುತ್ತದೆಯೇ. ಅಕ್ಷರಗಳ ಕಾಲಂನಲ್ಲಿ ದಿನಾಂಕಗಳು ಕುಳಿತಿವೆಯೇ. ಈ ಕೊನೆಯದು ಸಣ್ಣ ವಿಷಯವಲ್ಲ. ‘ಸೆಪ್ಟ್2’ ಎಂಬ ಜೀನಿನ ಹೆಸರನ್ನು ಎಕ್ಸೆಲ್ ಸೆಪ್ಟೆಂಬರ್ 2 ಎಂದು ಬದಲಿಸಿಬಿಡುತ್ತದೆ. ಜೀನ್ ಪಟ್ಟಿಗಳ ಎಕ್ಸೆಲ್ ಕಡತ ಲಗತ್ತಿಸಿದ ಲೇಖನಗಳಲ್ಲಿ ಐದರಲ್ಲಿ ಒಂದರಷ್ಟರಲ್ಲಿ ಇಂಥ ತಪ್ಪಿದೆ ಎಂದು 2016ರಲ್ಲಿ ತಿಳಿಯಿತು. ಕೊನೆಗೆ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಆ ಹೆಸರುಗಳನ್ನು ಬದಲಿಸಿತು.

ವರ್ಷಕ್ಕೆ ಅರವತ್ತು ಲೇಖನ ಪ್ರಕಟಿಸುವ ಪತ್ರಿಕೆಗೆ ಇದು ಇಪ್ಪತ್ತು ಗಂಟೆಯ ಕೆಲಸ. ಅಷ್ಟನ್ನು ಹೊಂದಿಸಲಾಗದ ಪತ್ರಿಕೆ ಇರಲಾರದು.

ಅನುಮಾನ ಬಂದರೆ ಪರಿಶೀಲನೆಗೆ ಮೊದಲೇ ಕಚ್ಚಾ ದತ್ತಾಂಶ ಕೇಳುವ ಅಧಿಕಾರವನ್ನೂ ನೀತಿಯಲ್ಲಿ ಇಟ್ಟುಕೊಳ್ಳಿ. ‘ಮಾಲಿಕ್ಯುಲರ್ ಬ್ರೈನ್’ ಪತ್ರಿಕೆಯ ಸಂಪಾದಕ ತ್ಸುಯೋಷಿ ಮಿಯಾಕಾವಾ 41 ಲೇಖನಗಳಿಗೆ ಹಾಗೆ ಕೇಳಿದರು. 21 ಲೇಖನಗಳನ್ನು ಲೇಖಕರೇ ಹಿಂದಕ್ಕೆ ತೆಗೆದುಕೊಂಡರು. ಉಳಿದ 20ರಲ್ಲಿ 19ನ್ನು ಸಾಕಷ್ಟು ಕಚ್ಚಾ ದತ್ತಾಂಶವಿಲ್ಲವೆಂದು ಅವರು ತಿರಸ್ಕರಿಸಿದರು. 2020ರಲ್ಲಿ ಅವರು ಈ ಲೆಕ್ಕವನ್ನು ಬಹಿರಂಗವಾಗಿ ಬರೆದದ್ದು ಸಂಪಾದಕರೆಲ್ಲ ಓದಬೇಕಾದ ಬರಹ.

ಹಂತ 8: ಲೇಖಕರ ಜೊತೆ ಮಾತು

ಜಾರಿಗೆ ಆರು ತಿಂಗಳು ಮೊದಲೇ ಸಂಪಾದಕೀಯ ಬರೆಯಿರಿ, ಹಳೆಯ ಲೇಖಕರಿಗೆಲ್ಲ ಪತ್ರ ಹಾಕಿ, ಆನ್‌ಲೈನ್‌ನಲ್ಲಿ ಒಂದು ಗಂಟೆ ಕೂತು ಝೆನೋಡೊದಲ್ಲಿ ಕಡತ ಏರಿಸಿ ತೋರಿಸಿ. ಬಹುಪಾಲು ವಿರೋಧ ಹೇಗೆಂದು ಗೊತ್ತಿಲ್ಲದ್ದರಿಂದ ಹುಟ್ಟುತ್ತದೆ, ತೋರಿಸಿದ ಮೇಲೆ ಕರಗುತ್ತದೆ.

ಕರಗದ ಒಂದು ಪ್ರಶ್ನೆ ಉಳಿಯುತ್ತದೆ. ತಾಲೂಕಿನ ಕಾಲೇಜೊಂದರ ಅಧ್ಯಾಪಕರೊಬ್ಬರು ಕೇಳಿದ್ದು: ‘ಸರ್, ನಾನು ರಜೆಯಲ್ಲಿ ಸ್ವಂತ ದುಡ್ಡು ಹಾಕಿ ಐದು ವರ್ಷ ಎಣಿಸಿದ್ದೇನೆ. ದೊಡ್ಡ ಲ್ಯಾಬಿನವರು ಒಂದು ವಾರದಲ್ಲಿ ಅದರಿಂದ ಲೇಖನ ಮಾಡಿದರೆ ನನ್ನ ಗತಿ?’ ಇದು ನ್ಯಾಯವಾದ ಭಯ, ಉಪದೇಶದಿಂದ ಹೋಗುವುದಿಲ್ಲ. ನೀತಿಯೊಳಗೇ ಉತ್ತರ ಇರಬೇಕು. ಈ ಲೇಖನಕ್ಕೆ ಬಳಸಿದ್ದು ಮಾತ್ರ ಸಾಕು, ಐದು ವರ್ಷದ್ದೆಲ್ಲ ಬೇಡ. ಬೇಕಾದರೆ ಒಂದು ವರ್ಷ ಮುಚ್ಚಿಡಬಹುದು, ಆದರೆ ಭಂಡಾರಕ್ಕೆ ಈಗಲೇ ಸೇರಿಸಬೇಕು. ಡಿಒಐ ಮೇಲಿನ ದಿನಾಂಕ ಮೊದಲು ಯಾರದೆಂಬುದಕ್ಕೆ ಸಾಕ್ಷಿ. ಮತ್ತು ನಮ್ಮ ಪತ್ರಿಕೆಯಲ್ಲಿ ಯಾರೇ ಇನ್ನೊಬ್ಬರ ದತ್ತಾಂಶ ಬಳಸಿದರೂ ಅದನ್ನು ಕೃತಜ್ಞತೆಯ ಸಾಲಿನಲ್ಲಿ ತೇಲಿಸದೆ, ಲೇಖನವನ್ನು ಉಲ್ಲೇಖಿಸುವಂತೆಯೇ ಆಕರಪಟ್ಟಿಯಲ್ಲಿ ಲೇಖಕರ ಹೆಸರು, ವರ್ಷ, ಡಿಒಐ ಸಹಿತ ಉಲ್ಲೇಖಿಸಬೇಕು. ಈ ಕೊನೆಯ ನಿಯಮವನ್ನು ನೀವು ಬಿಗಿಯಾಗಿ ಪಾಲಿಸಿದರೆ ಮಾತ್ರ ಉಳಿದದ್ದನ್ನು ಕೇಳುವ ನೈತಿಕ ಹಕ್ಕು ನಿಮಗಿದೆ.

ಹಂತ 9: ಪ್ರಕಟಣೆಯ ನಂತರ

ದತ್ತಾಂಶ ತೆರೆದ ಮೇಲೆ ತಪ್ಪುಗಳು ಹೊರಬರುತ್ತವೆ. ಅದಕ್ಕೆ ಸಿದ್ಧರಾಗಿರಿ. ದೇಶಗಳ ಸಾಲ ಮತ್ತು ಬೆಳವಣಿಗೆ ಕುರಿತ ರೈನ್‌ಹಾರ್ಟ್ ಮತ್ತು ರೊಗಾಫ್ ಅವರ 2010ರ ಲೇಖನ ಹಲವು ಸರ್ಕಾರಗಳ ಖರ್ಚು ಕಡಿತದ ವಾದಕ್ಕೆ ಆಧಾರವಾಗಿತ್ತು. ಮ್ಯಾಸಚೂಸೆಟ್ಸ್‌ನ ವಿದ್ಯಾರ್ಥಿ ಥಾಮಸ್ ಹರ್ಂಡನ್ ಕ್ಲಾಸಿನ ಅಭ್ಯಾಸಕ್ಕಾಗಿ ಲೇಖಕರಿಂದಲೇ ಎಕ್ಸೆಲ್ ಹಾಳೆ ಪಡೆದು ನೋಡಿದಾಗ ಐದು ದೇಶಗಳ ಸಾಲುಗಳು ಸರಾಸರಿಯಿಂದ ಬಿಟ್ಟುಹೋಗಿದ್ದವು. ಅಷ್ಟರಲ್ಲಿ 2013 ಬಂದಿತ್ತು. ಹಾಳೆ ಲೇಖನದ ಜೊತೆಗೇ ಇದ್ದಿದ್ದರೆ ಮೂರು ವರ್ಷ ಕಾಯಬೇಕಿರಲಿಲ್ಲ.

ದೂರು ಬಂದರೆ ಏನು ಮಾಡುತ್ತೀರಿ ಎಂದು ಮೊದಲೇ ಬರೆದಿಡಿ: ಲೇಖಕರಿಗೆ ಎಷ್ಟು ದಿನ, ಯಾವಾಗ ತಿದ್ದುಪಡಿ, ಯಾವಾಗ ಸಂಸ್ಥೆಗೆ ಪತ್ರ, ಯಾವಾಗ ಲೇಖನ ಹಿಂದಕ್ಕೆ. ಪ್ರಕಟಣಾ ನೈತಿಕತೆಯ ಸಮಿತಿಯಾದ ‘ಕೋಪ್’ ಇದಕ್ಕೆ ಹಂತಗಳ ನಕ್ಷೆಗಳನ್ನು ಉಚಿತವಾಗಿ ಕೊಡುತ್ತದೆ. ತಾನಾಗಿ ಬಂದು ‘ನನ್ನ ಹಾಳೆಯಲ್ಲಿ ತಪ್ಪಿದೆ’ ಎಂದ ಲೇಖಕರನ್ನು ಮರ್ಯಾದೆಯಿಂದ ನಡೆಸಿಕೊಳ್ಳಿ. ತಿದ್ದುಪಡಿಯ ಭಾಷೆಯಲ್ಲಿ ಆರೋಪದ ವಾಸನೆ ಬಾರದಿರಲಿ. ಹಾಗಾದರೆ ಇನ್ನೊಬ್ಬರು ಬರುತ್ತಾರೆ.

ವರ್ಷಕ್ಕೊಮ್ಮೆ, ಜನವರಿಯಲ್ಲಿ, ಹಿಂದಿನ ವರ್ಷದ ಇಪ್ಪತ್ತು ಲೇಖನಗಳನ್ನು ಚೀಟಿ ಎತ್ತಿ ಆರಿಸಿ ಎಲ್ಲ ಕೊಂಡಿಗಳನ್ನೂ ಒತ್ತಿ ನೋಡುತ್ತೇವೆ. ಎಷ್ಟು ತೆರೆದವು, ಎಷ್ಟು ಇಲ್ಲ, ಎಷ್ಟಕ್ಕೆ ವಿನಾಯಿತಿ ಕೊಟ್ಟೆವು ಎಂಬ ಲೆಕ್ಕ ಏಪ್ರಿಲ್ ಸಂಚಿಕೆಯಲ್ಲಿ ಅಚ್ಚಾಗುತ್ತದೆ, ಚೆನ್ನಾಗಿಲ್ಲದ ವರ್ಷವೂ. ಮೊದಲ ವರ್ಷ ಇಪ್ಪತ್ತರಲ್ಲಿ ಏಳು ಕೊಂಡಿ ತೆರೆಯಲಿಲ್ಲ. ಏಳೂ ಲೇಖಕರಿಗೆ ಬರೆದೆವು. ಕಡತಗಳು ಇನ್ನೂ ಅವರ ಬಳಿ ಇದ್ದವು, ತಿಂಗಳೊಳಗೆ ಆರು ಸರಿಯಾದವು.

ಮರ ಅಳೆಯಲು ಹೊರಟ ಆ ಹುಡುಗಿ ಹಳೆಯ ಅಂಕಿಗಳಿಲ್ಲದೆಯೇ ಕಾಡಿಗೆ ಹೋದಳು. ಆಕೆ ಅಳೆದದ್ದು ಈಗ ಒಂದು ಡಿಒಐ ಅಡಿ ಇದೆ, ಒಂದು ಮರಕ್ಕೆ ಒಂದು ಸಾಲು, ತಗಡಿನ ನಂಬರು ಸಹಿತ.